ಸುಳಿಯಲ್ಲಿ ನಿಂತ ನೀರು

ಮಾರ್ಚ್ ೧೨, ಮಂಗಳವಾರ

ನನ್ನ ಮುದ್ದಿನ ತಂಗಿ ಪುಟ್ಟಿಗೆ,

ನೀನೂ ನಿಮ್ಮ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರಿಸಬೇಡ. ಶಾಲೆಯ ಸಮವಸ್ತ್ರಗಳ ಹೊಲಿಗೆ ತಲೆಯ ಮೇಲೆ ಕೂತಿತ್ತು. ಅದರ ನಡುವೆ ಮೆಷಿನ್ನಿನ ಬೆಲ್ಟು ಬೇರೆ ಹರಿಯಿತು.

ಅಮ್ಮನ ಆರ್ಕಿಡ್ ಸೊರಗಿದೆ, ದಿನಾ ಒಂದು ಲೋಟ ನೀರು ಹಾಕಿದರೂ ಎಲೆಗಳು ಸುಕ್ಕಾಗುತ್ತಿವೆ, ಎಷ್ಟು ಬಾಯಾರಿಕೆಯೋ ಎಂದು ಬರೆದಿದ್ದೀಯ. ಬಾಯಾರಿಕೆಯಲ್ಲ ಕಣೇ, ಅದು ಮುಳುಗಿದೆ. ಬೇರು ಕೊಳೆತರೆ ನೀರು ಮೇಲೆ ಹತ್ತುವುದಿಲ್ಲ. ಕುಂಡದಿಂದ ತೆಗೆದು ಬೇರನ್ನು ಬೆರಳಲ್ಲಿ ಒತ್ತಿ ನೋಡು. ಗಟ್ಟಿಯಿದ್ದರೆ ಜೀವ ಇದೆ. ಸಿಪ್ಪೆ ಜಾರಿ ದಾರದಂಥ ನಾರು ಉಳಿದರೆ ಕತ್ತರಿಸಿ ಎಸೆ.

ನೀನು ಎಡವಿದ್ದು ಎಲ್ಲಿ ಗೊತ್ತಾ? ಅಮ್ಮ ದಿನಾ ಬೆಳಿಗ್ಗೆ ಕುಂಡವನ್ನು ಸಿಂಕಿಗೆ ಒಯ್ಯುತ್ತಿದ್ದಳು. ಪೇಪರು ಓದುತ್ತ ಕೂತಿದ್ದ ನಿನಗೆ ಅಷ್ಟೇ ಕಂಡಿತು. ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದವಳು ನಾನು. ಅವಳು ಕುಂಡವನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದಳು. ಹಗುರವಾಗಿದ್ದರೆ ನೀರು, ಭಾರವಿದ್ದರೆ ಹಾಗೇ ವಾಪಸ್ಸು ಕಿಟಕಿಗೆ. ಇಷ್ಟು ದಿನ ಹಳೆಯ ಕುಂಡದ ತೂತುಗಳು ನಿನ್ನ ತಪ್ಪನ್ನು ಸೋಸಿ ಹೊರಗೆ ಹಾಕುತ್ತಿದ್ದವು. ನೀನು ತಂದ ಹೊಸ ಪಿಂಗಾಣಿ ಕುಂಡಕ್ಕೆ ತೂತೇ ಇಲ್ಲ.

ನೀನು ಕಳಿಸಿದ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೆಳಗಿನ ಎಲೆ ಹಳದಿಯಾದರೆ ಅದು ವಯಸ್ಸು, ಚಿಂತೆಯಿಲ್ಲ. ನಿನ್ನದರಲ್ಲಿ ನಡುವಿನ ಎಳೆ ಎಲೆಯೇ ಬುಡದಲ್ಲಿ ಕಪ್ಪಾಗಿದೆ. ಸುಳಿಯಲ್ಲಿ ನೀರು ನಿಂತಿದೆ. ಮೆಲ್ಲಗೆ ಎಳೆದು ನೋಡು, ಕೈಗೇ ಬರುತ್ತದೆ. ಸುಳಿ ಕೊಳೆತ ಮೇಲೆ ಆಸೆ ಇಟ್ಟುಕೊಳ್ಳಬೇಡ.

ಎರಡು ವರ್ಷದ ಹಿಂದೆ, ಅಮ್ಮ ತೀರಿಕೊಂಡ ವಾರವೇ ಅದನ್ನು ಕಾರಿನಲ್ಲಿಟ್ಟುಕೊಂಡು ಹೋದೆಯಲ್ಲ, ಆಗ ಹೂದಂಟಿನ ಮೇಲೆ ಬೇರು ಬಿಟ್ಟ ಒಂದು ಮರಿ ಇತ್ತು. ನೀನು ಸಾಮಾನು ತುಂಬುವಷ್ಟರಲ್ಲಿ ನಾನು ಅದನ್ನು ಕತ್ತರಿಸಿ ಚಿಂದಿಬಟ್ಟೆಯ ಚೀಲದಲ್ಲಿ ಅಡಗಿಸಿದೆ. ಈಗ ಅದರಲ್ಲಿ ಐದು ಹೂ. ಮಗಳು ನಿನ್ನ ಕಾಗದ ಓದಿ, ಚಿಕ್ಕಮ್ಮ ಪಾಪ, ಇದನ್ನೇ ಕೊಟ್ಟುಬಿಡಮ್ಮ ಎಂದಳು. “ನಿನ್ನ ‘ಅಯ್ಯೋ ಪಾಪ’ ಬೇರೆ ಯಾರಿಗಾದ್ರೂ ಇಟ್ಕೋ” ಎಂದೆ. ಕೊಡುವುದಿಲ್ಲ ಪುಟ್ಟಿ. ಕೇಳಲೂ ಬೇಡ.

ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ. ಆ ಖಾಲಿ ಕುಂಡವನ್ನು ನೀನು ಬಹಳ ವರ್ಷ ನೋಡಬೇಕು.

ನಿನ್ನ ಅಕ್ಕ

ತಾ. ಕ.: ಆಸ್ಪತ್ರೆಯಲ್ಲಿ ಅಮ್ಮನನ್ನು ನೋಡಿಕೊಂಡ ನರ್ಸು ಮೊನ್ನೆ ಕೋಟಿನ ತೋಳು ಗಿಡ್ಡ ಮಾಡಿಸಲು ಅಂಗಡಿಗೆ ಬಂದಿದ್ದಳು. ನಾನು ಫೋನ್ ಮಾಡಿದಾಗಲೆಲ್ಲ ನೀನು, ಈಗ ಬರಬೇಡ, ಡಾಕ್ಟರು ಯಾರನ್ನೂ ಬಿಡುತ್ತಿಲ್ಲ ಎನ್ನುತ್ತಿದ್ದೆ. ಅಮ್ಮನಿಗೆ ಮಾತ್ರ, “ಅಕ್ಕನಿಗೆ ಬರೋಕೆ ಮನಸ್ಸಿಲ್ಲ” ಎಂದೆಯಂತೆ. ಆದರೂ ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಅಮ್ಮ ಯಾರನ್ನೂ ಕೂರಲು ಬಿಡಲಿಲ್ಲವಂತೆ. “ದೊಡ್ಡವಳು ಬಂದ್ರೆ ಎಲ್ಲಿ ಕೂರ್ತಾಳೆ?” ಅನ್ನುತ್ತಿದ್ದಳಂತೆ. ಹನ್ನೊಂದು ದಿನ ನೀನೂ ನಿಂತೇ ಇದ್ದೆಯಂತೆ. ಅದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.