ಮೆಟ್ಟಿಲುಗಳಿಗೆ ಸಲ್ಲಿಸಿದ ಕೃತಜ್ಞತೆ

ಲಾಂಡ್ರಿಯ ಮೇಲಿನ ಮಹಡಿ,
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ಊರೂರು ಸುತ್ತಿ ಹಾಡುವವನು, ಬಿಸಿನೀರನ್ನೇ ಕುಡಿ. ಇಲ್ಲಿ ಅಮ್ಮನ ಮಂಡಿಯೂ ನಮ್ಮ ಇಸ್ತ್ರಿಪೆಟ್ಟಿಗೆಯೂ ಕಾವೇರುವವರೆಗೆ ಜಗ್ಗುವುದಿಲ್ಲ; ಉಳಿದಂತೆ ಕ್ಷೇಮ.

ನಿಮ್ಮ ತಂಡದ ನಾಲ್ಕು ಹಾಡಿನ ರೆಕಾರ್ಡ್ ಅಂಚೆಯಲ್ಲಿ ಬಂತು. ಲಾಂಡ್ರಿಗೆ ಅರ್ಧ ದಿನ ರಜೆ ಸಾರಿ, ಅಮ್ಮನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ರಾಷ್ಟ್ರಗೀತೆಗೆ ನಿಂತವರ ಗಾಂಭೀರ್ಯದಿಂದ ಕೇಳಿದೆವು. ಮೊದಲೆರಡು ಹಾಡುಗಳಲ್ಲಿ ಗಿಟಾರು ಮಂಜಿನೊಳಗೆ ದಾರಿ ತಪ್ಪಿದಂತಿತ್ತು. ಮಾತೊಂದೂ ತಿಳಿಯಲಿಲ್ಲ, ಅದೇ ನಿಮ್ಮ ಶೈಲಿಯೆಂದು ಅಮ್ಮನಿಗೆ ಸಮಾಧಾನ ಹೇಳಿದೆ. ಮೂರನೆಯದರಲ್ಲಿ ಎಲ್ಲಿಂದಲೋ ಒಂದು ಹೆಣ್ಣುದನಿ ತೇಲಿಬಂತು. "ಅಯ್ಯೋ, ಇದು ನೀನಲ್ವೇನೇ? ನೆಗಡಿ ಆದಾಗ ಹೀಗೇ ಹಾಡ್ತೀಯ" ಅಂದಳು ಅಮ್ಮ.

ನಾನೇ. ಬೀದಿಯ ಸದ್ದು ಬರದಿರಲೆಂದು ಗಿರಾಕಿಗಳ ಕಂಬಳಿಗಳನ್ನೆಲ್ಲ ಬಾಗಿಲಿಗೆ ನೇತುಹಾಕಿ, ಮೂಗು ಸೋರುತ್ತಿದ್ದ ನನ್ನನ್ನು ನಮ್ಮ ಮೆಟ್ಟಿಲ ಮೇಲೆ ನಿಲ್ಲಿಸಿದ್ದೆಯಲ್ಲ? "ಸುಮ್ನೆ ರಾಗದ ಅಳತೆಗೆ ಹಾಡಕ್ಕ, ಆಮೇಲೆ ಅಳಿಸಿ ನಾನೇ ಹಾಡ್ತೀನಿ" ಅಂದಿದ್ದೆ. ಅಳಿಸಲಿಲ್ಲವೆಂದು ಹಿಗ್ಗಿದೆ ಕಣೋ, ಸುಳ್ಳೇಕೆ ಹೇಳಲಿ. ಕನ್ನಡಕ ಏರಿಸಿ ರೆಕಾರ್ಡಿನ ಹೊದಿಕೆಯ ಹಿಂಬದಿಯಲ್ಲಿ ನನ್ನ ಹೆಸರು ಹುಡುಕಿದೆ. ಡ್ರಮ್ಮಿನವನಿದ್ದಾನೆ, ವ್ಯಾನು ಓಡಿಸಿದವನಿದ್ದಾನೆ, ಅವನ ನಾಯಿಯೂ ಇದೆ. ಮೂರನೇ ಹಾಡಿನ ಎದುರಿಗೆ ಮಾತ್ರ, "ದನಿ: ಹಳೆಯ ಮೆಟ್ಟಿಲುಗಳ ಪ್ರತಿಧ್ವನಿ." ಮೆಟ್ಟಿಲಿಗೆ ಮರ್ಯಾದೆ, ದಿನಾ ಅದನ್ನು ಗುಡಿಸುವವಳ ಕೈಗೆ ಪೊರಕೆ!

ಆ ದನಿ ಯಾರದೆಂದು ಪತ್ರಿಕೆಯವರು ಕೇಳಿದಾಗಲೂ, "ಅದು ಮನುಷ್ಯರ ದನಿಯೇ ಅಲ್ಲ, ಅದೇ ಗುಟ್ಟು" ಎಂದು ನಕ್ಕೆಯಂತೆ. ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಒದೆಯುವ ಶ್ರಮವೂ ಬೇಡವೆಂದು, ಅಲ್ಲಿ ಏಣಿಯೇ ಇರಲಿಲ್ಲ ಎನ್ನುವವನನ್ನು ಈಗಷ್ಟೇ ಕಂಡೆ. ಅಮ್ಮ, "ಆ ಹಾಡು ಇನ್ನೊಂದ್ಸಲ ಹಾಕೇ" ಅಂದಳು. ಹಾಕಲು ಕೈ ಬರಲಿಲ್ಲ.

ಹೊತ್ತಿಗೆ ಉಣ್ಣು, ಹೊತ್ತಿಗೆ ಮಲಗು. ಅಮ್ಮನ ಆಶೀರ್ವಾದ ಇದರೊಂದಿಗಿದೆ. ನನ್ನದನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ.

ಇತಿ,
ಮನುಷ್ಯಳೇ ಆದ ನಿನ್ನ ಅಕ್ಕ

ಹೇಳಲು ಮರೆತೆ: ನಿನ್ನ ಡ್ರಮ್ಮಿನವನು ಫೋನ್ ಮಾಡಿದ್ದ. ಬಿಡುಗಡೆಯ ಕಾರ್ಯಕ್ರಮದಲ್ಲಿ ಆ ಹಾಡಿಗೆ ದನಿ ಬೇಕಂತೆ, ನಾನು ಪರದೆಯ ಹಿಂದೆ ನಿಂತು ಹಾಡಬೇಕಂತೆ, ನೀನೇ ಕೇಳಲು ನಿನಗೆ ನಾಚಿಕೆಯಂತೆ. ಬರುತ್ತೇನೆ. ಪರದೆಯ ಮುಂದೆ ನಿಂತು, ಹೆಸರು ಹೇಳಿ, ಆಮೇಲೆ ಹಾಡುತ್ತೇನೆ. ನಾಚಿಕೆ ಇನ್ನೂ ಉಳಿದಿದ್ದರೆ, ಪರದೆಯ ಹಿಂದೆ ಜಾಗ ಖಾಲಿಯೇ ಇರುತ್ತದೆ, ನೀನು ನಿಂತುಕೋ.