ಬಿಟ್ಟುಹೋದ ಮೂರನೇ ಚಿತ್ರ

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಸೊನ್ನೆ ಬರಲಿಲ್ಲ. ಪರೀಕ್ಷೆ ಸುಲಭ: ಸೂತ್ರದಲ್ಲಿ ಫೋಟಾನಿನ, ಅಂದರೆ ಬೆಳಕಿನ ಕಣದ, ಧ್ರುವೀಕರಣ ತೆಗೆದು ಆ ಜಾಗಕ್ಕೆ ಅದರ ಸಂವೇಗ ಹಾಕಿದರೆ ಎಲ್ಲ ಸೇರಿ ಸೊನ್ನೆಯಾಗಬೇಕು. ಆಗದಿದ್ದರೆ ಲೆಕ್ಕ ತಪ್ಪು — ವಾದವೇ ಇಲ್ಲ. ನನ್ನದರಲ್ಲಿ ಒಂದು ತುಂಡು ಉಳಿಯುತ್ತಿದೆ. ನಲವತ್ತು ಪುಟ ಹಾಳು.

ಗಡ್ಡ — ಜೊತೆಗೆ ಪಾಠ ಮಾಡುತ್ತಿದ್ದ ಗೆಳೆಯನಿಗೆ ನಾನಿಟ್ಟ ಹೆಸರು — ನನ್ನೆದುರಿನ ಟೇಬಲ್ ಬಿಟ್ಟು ದೂರದ ಯೂನಿವರ್ಸಿಟಿಗೆ ಹೋಗಿ ಏಳು ತಿಂಗಳು. ಅವನ ಟೇಬಲ್ ಮೇಲೀಗ ಪ್ರಿಂಟರ್ ಇಟ್ಟಿದ್ದಾರೆ. ಕಂಡರೆ ಮೈ ಉರಿಯುತ್ತದೆ.

ಮಾರ್ಚ್ 9, ಭಾನುವಾರ

ನಾಲ್ಕಕ್ಕೆ ಗಡ್ಡನ ಫೋನ್, ಪ್ರತಿ ಭಾನುವಾರದಂತೆ. ಹದಿನಾರು ವರ್ಷದ ನಿಯಮ: ಒಂದೇ ಲೆಕ್ಕ ಇಬ್ಬರೂ ಬೇರೆಬೇರೆ ಮಾಡುವುದು, ಇಬ್ಬರದೂ ಮುಗಿಯುವ ತನಕ ಅದರ ಬಗ್ಗೆ ತುಟಿ ಬಿಚ್ಚಬಾರದು. ಕೇಳುವುದು ಇಷ್ಟೇ —

"ಆಯ್ತಾ?"

"ಇಲ್ಲ ಕಣೋ. ನಿಂದು?"

"ಮೊದ್ಲು ನೀನು ಮುಗ್ಸು."

ಆಮೇಲೆ ಒಂದು ಗಂಟೆ ಹರಟೆ. ಏಳು ತಿಂಗಳ ಹಿಂದೆ ಊರು ಬಿಡುವ ಮುಂಚೆ ಕೇಳಿದ್ದ, "ನೀನೂ ಬಂದ್ಬಿಡ್ತೀಯಾ, ನನ್ ಜೊತೆ?" "ಈ ಲೆಕ್ಕ ಮುಗೀಲಿ, ಹೇಳ್ತೀನಿ" ಅಂದಿದ್ದೆ. ಮತ್ತೆ ಅವನು ಕೇಳಿಲ್ಲ. ನನಗೂ ಬಾಯಿ ಬಂದಿಲ್ಲ.

ಅಕ್ಕ ಕಾಫಿ ಕೊಡುತ್ತಾ, "ಲೆಕ್ಕ ಮುಗೀತಿಲ್ವೋ, ನೀನು ಮುಗಿಸ್ತಿಲ್ವೋ?" ಇವಳಿಗೇನು ಗೊತ್ತು!... ಗೊತ್ತು. ಬೇಕು ಅವನು ನನಗೆ.

ಮಾರ್ಚ್ 21

ಸಿಕ್ಕಿತು! ಕ್ಲಾಸಿನಲ್ಲಿ, ಬೋರ್ಡ್ ಮುಂದೆ. ಇಷ್ಟು ವರ್ಷ ಎಲೆಕ್ಟ್ರಾನ್ ಪಾಠ ಮಾಡಿ ಮಾಡಿ ಕೈ ಅದನ್ನೇ ಎಳೆಯುತ್ತದೆ: ಒಂದು ಫೋಟಾನ್ ತಾಗುವುದು, ಆಮೇಲೆ ಇನ್ನೊಂದು. ಒಂದೊಂದು ಬಗೆಗೆ ಒಂದೊಂದು ಚಿತ್ರ ಬರೆದು ಕೂಡಿಸುವುದು; ಹಿಂದುಮುಂದಾದದ್ದೂ ಸೇರಿ ಎರಡು ಚಿತ್ರ, ಅಷ್ಟೇ. ಆದರೆ ಈ ಲೆಕ್ಕದ್ದು ಸ್ಕೇಲರ್ ಕಣ — ಚಾರ್ಜ್ ಇದೆ, ಸ್ಪಿನ್ ಇಲ್ಲ. ಅದಕ್ಕೆ ಮೂರನೆಯದೂ ಇದೆ. ಎರಡು ಫೋಟಾನೂ ಒಂದೇ ಬಿಂದುವಿನಲ್ಲಿ, ಒಟ್ಟಿಗೆ. ಅದನ್ನೇ ಬಿಟ್ಟಿದ್ದೆ. ಸೇರಿಸಿದೆ. ಸೊನ್ನೆ. ಇಂಥ ತಪ್ಪಿಗೆ ಹುಡುಗರ ಕಿವಿ ಹಿಂಡಿದವಳು ನಾನು!

ಖುಷಿ ಹತ್ತು ನಿಮಿಷ. ಆಮೇಲೆ ಭಯ. ಇನ್ನು ಹೇಳಲೇಬೇಕು. ಅವನ ಮನಸ್ಸು ಈಗ ಬೇರೆಯಾಗಿದ್ದರೆ?

ಮಾರ್ಚ್ 23, ಭಾನುವಾರ, ನಾಲ್ಕೂವರೆ

"ಆಯ್ತು" ಅಂದೆ.

ತಕ್ಷಣ ಕೇಳಿದ, "ಮೂರನೇ ಚಿತ್ರ ಬಿಟ್ಟಿದ್ಯಾ?"

"ನಿಂಗೆ ಹೇಗೆ ಗೊತ್ತು?"

"ನಾನೂ ಬಿಟ್ಟಿದ್ದೆ. ನವೆಂಬರಲ್ಲೇ ಸಿಕ್ತು."

ನವೆಂಬರ್! "ನಾಲ್ಕು ತಿಂಗಳು ಬಾಯ್ಮುಚ್ಕೊಂಡು ಕೂತಿದ್ಯಾ, ಕತ್ತೆ?"

"ನಂದು ಮುಗೀತು ಅಂದಿದ್ರೆ ನೀನೂ ಬೇಗ ಮುಗ್ಸಿ, ಬರ್ತೀಯೋ ಇಲ್ವೋ ಹೇಳ್ಬೇಕಾಗ್ತಿತ್ತು. ಬರಲ್ಲ ಅಂದ್ಬಿಟ್ರೆ... ಭಾನುವಾರ ನಾನೇನ್ಮಾಡ್ಲಿ?"

ಬೈಯಲು ಬಾಯಿ ತೆರೆದೆ. ಅಳು ಬಂತು. ಫೋನ್ ಇಟ್ಟುಬಿಟ್ಟೆ.

ಐದು ಗಂಟೆ

ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. "ಮಾಡೇ ಫೋನು." ಮಾಡಿದೆ. ರಿಂಗ್ ಆಗುತ್ತಿದೆ. ಮೊದಲ ಮಾತಿಗೇ ಬರ್ತೀನಿ ಅಂತ ಹೇಳಿಬಿಡಬೇಕು. ಫೋಟಾನ್ ಗೀಟಾನ್ ಎಲ್ಲ ಆಮೇಲೆ. ಎತ್ತಿದ —