ಬಂಡೀಪುರಕ್ಕೆ ಹೊರಟ ಜಿಂಕೆ

ಕೊರಟಗೆರೆ
೧೨ನೇ ಜನವರಿ ೧೯೪೪

ಅಕ್ಕ ಗೌರಕ್ಕನಿಗೆ ತಮ್ಮ ಮುದ್ದಪ್ಪ ಮಾಡುವ ನಮಸ್ಕಾರ. ಇದನ್ನು ಓದಿ ಹೇಳುವ ಮೇಷ್ಟ್ರಿಗೂ ನಮಸ್ಕಾರ.

ನಾನು ಕ್ಷೇಮ. ಬೆಳಿಗ್ಗೆ ಲಾರಿ ಹೊರಡುವಾಗ ನೀನು ಹೊರಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಮೇಕೆಹಾಲು ಕುಡಿಸಿ ಸಾಕಿದ ಜಿಂಕೆ ಬಂಡೀಪುರದ ಮೃಗವನಕ್ಕೆ ಹೋಗುತ್ತಿಲ್ಲ.

ಮಧುಗಿರಿ ದಾಟುವಷ್ಟರಲ್ಲಿ ಅದು ಪೆಟ್ಟಿಗೆಯೊಳಗೆ ನಡುಗುತ್ತಾ ಬಾಯಲ್ಲಿ ನೊರೆ ಬಿಡತೊಡಗಿತು. ಇದ್ದಿಲಿನಿಂದ ಓಡುವ ಲಾರಿ ಅದು, ಇದ್ದಿಲು ತುಂಬಲು ನಿಲ್ಲಿಸಿದಾಗ ಕಾಡಿನ ಗಾರ್ಡ್ ದಾಸಣ್ಣ, "ಇಂಗೇ ಬುಟ್ರೆ ಸತ್ತೋಯ್ತದೆ ಕಣ್ಲಾ, ಇಳ್ಸಿ ನೀರು ಕುಡ್ಸು" ಎಂದ. ಇಳಿಸಿದೆ. ಅದು ನೀರು ಮುಟ್ಟಲಿಲ್ಲ, ನನ್ನ ಅಂಗೈ ನೆಕ್ಕಿತು. ಹಗ್ಗ ನನ್ನ ಕೈಯಲ್ಲಿತ್ತು, ಆಮೇಲೆ ಇರಲಿಲ್ಲ. ನೆಗೆಯುತ್ತಾ ಹೊಲ ದಾಟಿ ಹೋಯಿತು.

"ಏನ್ಲಾ, ಬೇಕಂತ್ಲೇ ಬುಟ್ಯಾ?" ಎಂದು ದಾಸಣ್ಣ ಕೇಳಿದ. ನಾನು ಖಾಲಿ ಪೆಟ್ಟಿಗೆಯ ಬಾಗಿಲು ಹಾಕಿದೆ. ಜಿಂಕೆಯನ್ನು ತಲುಪಿಸಿದರೆ ಬಂಡೀಪುರದಲ್ಲಿಯೇ ಕೊಡುತ್ತೇವೆಂದು ಕಾಡಿನ ಇಲಾಖೆಯವರು ಹೇಳಿದ್ದ ಕಾವಲುಗಾರನ ಕೆಲಸ ಇನ್ನು ನನಗೆ ಸಿಗುವುದಿಲ್ಲ. ನಾಳೆ ತುಮಕೂರಿನಲ್ಲಿ ಇಲಾಖೆಯ ಸಾಹೇಬರ ಮುಂದೆ ಹೇಳಿಕೆ ಕೊಡಬೇಕು, ಊರಿಗೆ ಬರಲು ನಾಲ್ಕಾರು ದಿನ ಆಗಬಹುದು.

ನಿನ್ನಿಂದ ಒಂದು ಕೆಲಸ ಆಗಬೇಕು. ಜಿಂಕೆಗೆ ನಮ್ಮ ಹಟ್ಟಿ ಬಿಟ್ಟರೆ ಬೇರೆ ಜಾಗ ಗೊತ್ತಿಲ್ಲ, ಹುಡುಕಿಕೊಂಡು ಬಂದರೂ ಬರಬಹುದು. ಬಂದು ನಿಂತರೆ ಗಾರ್ಡುಗಳು ಮತ್ತೆ ಹಿಡಿದು ಒಯ್ಯುತ್ತಾರೆ. ಹಾಲು ಇಡಬೇಡ, ಹೆಸರು ಹಿಡಿದು ಕರೆಯಬೇಡ. ಕಲ್ಲು ಬೀಸಿ ಓಡಿಸು. ನಿನಗೆ ಕೈ ಏಳದಿದ್ದರೆ ಪಕ್ಕದ ಮನೆಯ ಕೆಂಪಕ್ಕನ ಕೈಲಿ ಹೊಡೆಸು. ಅವಳು ಹೊಡೆಯುವಾಗ ನೀನು ಒಳಗಿರು. ಅದಕ್ಕೆ ನಿನ್ನ ದನಿ ಕೇಳಿಸಬಾರದು.

ನಿನ್ನ ತಮ್ಮ
ಮುದ್ದಪ್ಪ